ಕೊಳ್ಳದ ಲಾರಿಯ ಕಂತು

ಹೆವಿ ಲೈಸನ್ಸಿಗೆ ಈಗ ಹನ್ನೊಂದು ತಿಂಗಳು.
ಪಣಂಬೂರಿನ ಯಾರ್ಡಿನಲ್ಲಿ ನಾನಿನ್ನೂ 'ಹೊಸ ಹುಡುಗ',
ಗೇಟ್‌ಪಾಸಿನ ಫೋಟೋದಲ್ಲಿ ಮಾತ್ರ ವಯಸ್ಸಾಗಿದೆ.

ಮೊನ್ನೆ ಬೈಕಂಪಾಡಿಯ ತೂಕದ ಕಟ್ಟೆಯ ಹತ್ತಿರ
ಮಯ್ಯದ್ದಿ ಸಾಹುಕಾರರು ಚಾ ಊದುತ್ತ ಹೇಳಿದರು:
"ನನ್ನ ಮಂಡಿಗೆ ಇನ್ನು ಲಾರಿ ಹಿಂದೆ ಓಡಲಿಕ್ಕಾಗುವುದಿಲ್ಲ ಮಾರಾಯ.
ಮಗನಿಗೆ ಬೇಡ. ನೀನು ತೆಗೊ ಲೋಲಾಕ್ಷ.
ಎರಡೂವರೆ ಮುಂಗಡ, ಉಳಿದದ್ದಕ್ಕೆ ಫೈನಾನ್ಸ್ ಉಂಟು."
ಅಷ್ಟೇ. ಗ್ಲಾಸಿನ ತಳದ ಸಕ್ಕರೆಯನ್ನು
ಬೆರಳಲ್ಲಿ ತೆಗೆದು ನೆಕ್ಕಿ
ಎದ್ದು ಹೋದರು.

ಆವತ್ತಿನಿಂದ ನನಗೆ ಲಾರಿ ಕೇಳಲಿಕ್ಕೆ ಸುರುವಾಗಿದೆ.
ಇಷ್ಟು ದಿವಸ ಅದು ಬರೇ ಗುರುಗುಡುವ ಕಬ್ಬಿಣ;
ಈಗ ಮೂರನೇ ಗೇರಿಗೆ ಒಂದು ಕೆಮ್ಮು,
ಎಡ ಹಿಂದಿನ ಚಕ್ರದೊಳಗೆ ಯಾರೋ ಚಿಲ್ಲರೆ ಎಣಿಸುವ ಸದ್ದು,
ಬ್ರೇಕ್ ಬಿಟ್ಟಾಗ ಹೋಗುವ ಗಾಳಿ
ನನ್ನದೇ ಕಿಸೆಯಿಂದ ಹೋದ ಹಾಗೆ.
ಇನ್ನೂ ಒಂದು ಸಹಿ ಹಾಕಿಲ್ಲ,
ಕಿವಿ ಆಗಲೇ ಮಾಲೀಕ.

ತೂಕದ ಚೀಟಿಯ ಹಿಂದೆ ಲೆಕ್ಕ ಬರೆದೆ.
ಹಾಸನಕ್ಕೆ ಗೊಬ್ಬರ, ಬರುವಾಗ ಜೋಳ, ಇಲ್ಲವೆ ಖಾಲಿ.
ಡೀಸೆಲ್, ಟೋಲ್, ಇನ್ಶೂರೆನ್ಸ್, ಎಫ್‌ಸಿ, ಹತ್ತು ಟಯರು.
ಬಾಡಿಗೆ ಕೈಗೆ ಬರುವುದು ನಲವತ್ತು ದಿವಸ ಬಿಟ್ಟು;
ಕಂತು ಮಾತ್ರ ಐದನೇ ತಾರೀಕಿಗೆ ಬಾಗಿಲಲ್ಲಿ,
ಕರೆಯದಿದ್ದರೂ ಊಟದ ಹೊತ್ತಿಗೆ ಸರಿಯಾಗಿ ಬರುವ ನೆಂಟ.
'ಜುಲೈಯಲ್ಲಿ ಘಾಟಿ ಕುಸಿದರೆ' ಎಂದು ಬರೆಯುವಷ್ಟರಲ್ಲಿ
ಚೀಟಿ ಮುಗಿಯಿತು.
ತಿರುಗಿಸಿದೆ: ಒಟ್ಟು ತೂಕ ಇಪ್ಪತ್ತೇಳು ಟನ್ ಒಂಬೈನೂರು ಕಿಲೊ.
ಅದರಲ್ಲಿ ನಾನೂ ಸೇರಿದ್ದೇನೆ. ಬೇರೆ ಕಾಲಂ ಇಲ್ಲ.

ಸಿಪ್ರಿ ಮಾಮ್ ಒಂದು ಕಾಲಕ್ಕೆ ಎರಡು ಲಾರಿಯ ಧಣಿ,
ಈಗ ಇನ್ನೊಬ್ಬರ ಟ್ಯಾಂಕರಿಗೆ ಸಂಬಳದ ಡ್ರೈವರ್.
ಗುಂಡ್ಯದಲ್ಲಿ ಬ್ಲಾಕ್ ಆದ ರಾತ್ರಿ ಅವರನ್ನು ಕೇಳಿದೆ.
ತೆಗೊ ಅನ್ನಲಿಲ್ಲ, ಬೇಡ ಅನ್ನಲಿಲ್ಲ,
ಬೀಡಿಯ ತುದಿಯಿಂದ ಮುಂದೆ ತೋರಿಸಿದರು:
ಆಕ್ಸಲ್ ತುಂಡಾಗಿ ನಿಂತ ಲಾರಿ,
ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು
ಟಯರಿನ ಮೇಲೆ ಕೈ ಇಟ್ಟ ಒಬ್ಬ ಮನುಷ್ಯ,
ಮಗುವಿನ ಜ್ವರ ನೋಡುವವನ ಹಾಗೆ.
"ಅವ ಓನರ್. ಹಿಂದಿನದೂ ಕೆಟ್ಟಿದೆ, ನೋಡು,
ಅದರವ ಧಣಿಗೊಂದು ಫೋನ್ ಮಾಡಿ ಮಲಗಿದ್ದಾನೆ."
ತುಂಬ ಹೊತ್ತಾದ ಮೇಲೆ, ತನ್ನಷ್ಟಕ್ಕೆ:
"ಆರು ವರ್ಷವಾಯಿತು ನಾನು ಹಾಗೆ ಟಯರು ಮುಟ್ಟದೆ.
ಒಳ್ಳೆ ನಿದ್ದೆ ಬರ್ತದೆ.
ಕೈಗೆ ಮಾತ್ರ ಒಂದು ನಮೂನೆ ಆಗ್ತದೆ."

ಹರಿಣಾಕ್ಷಿ ಬಲೆಯ ಫ್ಯಾಕ್ಟರಿಯಿಂದ ಬಂದು
ನೂಲು ಕೊಯ್ದ ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ
ಚೀಟಿಯನ್ನು ಎರಡು ಸಲ ಓದಿದಳು. ಕೇಳಿದ್ದು ಒಂದೇ:
"ಇದರಲ್ಲಿ ನಿಮ್ಮ ಸಂಬಳ ಎಲ್ಲುಂಟು?"
ಹಾಕಿರಲಿಲ್ಲ.
ಧಣಿಯಾಗುವ ಅವಸರದಲ್ಲಿ
ಡ್ರೈವರನ್ನು ದಾರಿಯಲ್ಲೇ ಇಳಿಸಿಬಿಟ್ಟಿದ್ದೆ.

ಮರುದಿನ ಸಾಹುಕಾರರಿಗೆ ಹೇಳಿದೆ: ಒಂದು ಮಳೆಗಾಲ ಕಳೆಯಲಿ.
ನಕ್ಕರು. "ಮಳೆಗಾಲ ನೋಡಿ ಲಾರಿ ತೆಗೆದವ ಯಾರೂ ಇಲ್ಲ.
ಇರಲಿ, ದೀಪಾವಳಿವರೆಗೆ ಬೇರೆಯವರಿಗೆ ಮಾತು ಕೊಡುವುದಿಲ್ಲ."
ಪಿಗ್ಮಿಯ ದೇಜಪ್ಪಣ್ಣನಿಗೂ ಹೇಳಿದೆ:
ನಾಳೆಯಿಂದ ದಿನಕ್ಕೆ ಐವತ್ತಲ್ಲ, ಐನೂರು ಬರೆಯಿರಿ.
"ಏನು, ಮನೆ ಕಟ್ಟಿಸುತ್ತೀಯಾ?"
ಇಲ್ಲ, ಕೊಳ್ಳದ ಲಾರಿಗೆ ಕಂತು ಕಟ್ಟುತ್ತಿದ್ದೇನೆ,
ಸದ್ಯಕ್ಕೆ ಅರ್ಧ ಕಂತು;
ನನ್ನಿಂದ ಆಗುತ್ತದೋ ಇಲ್ಲವೋ
ಬ್ಯಾಂಕಿಗಿಂತ ಮೊದಲು ನನಗೆ ಗೊತ್ತಾಗಲಿ.

ಜೂನ್ ಪೂರ್ತಿ ಕಟ್ಟಿದೆ. ಮೀನು ಬಿಟ್ಟೆವು,
ಹರಿಣಾಕ್ಷಿಯ ಫೋನಿನ ಒಡೆದ ಗಾಜು ಹಾಗೆಯೇ ಉಳಿಯಿತು.

ಇವತ್ತು ಜುಲೈ ಹದಿನೇಳು. ಘಾಟಿ ಬಂದ್, ನಾಲ್ಕನೇ ದಿವಸ.
ದೇಜಪ್ಪಣ್ಣ ಕೊಡೆ ಮಡಚಿ ಮೆಷಿನ್ ತೆಗೆದರು.
ಇವತ್ತು ಸೊನ್ನೆ ಬರೆಯಿರಿ, ಅಂದೆ.
"ಸೊನ್ನೆಗೆ ಚೀಟಿ ಬರುವುದಿಲ್ಲ," ಅಂದರು, ಬೇಸರದಿಂದಲೇ.

ಅವರು ಹೋದ ಮೇಲೆ, ಕೆಲಸವಿಲ್ಲದಿದ್ದರೂ, ಯಾರ್ಡಿಗೆ ಬಂದೆ.
ಲಾರಿಯ ಹಣೆಯಲ್ಲಿ ಸಾಹುಕಾರರ ಮಗಳ ಹೆಸರು
ತೊಳೆದ ಹಾಗೆ ಹೊಳೆಯುತ್ತಿತ್ತು.
ಸುತ್ತ ಬಂದು ಹತ್ತು ಟಯರನ್ನೂ ಒಂದೊಂದಾಗಿ ಮುಟ್ಟಿದೆ.
ಎಂಟನೆಯದು ಬಿಸಿ.
ನಾಲ್ಕು ದಿವಸದಿಂದ ಅಲುಗದ ಲಾರಿ.
ಕೈಯನ್ನು ಕೆನ್ನೆಗೆ ಒತ್ತಿ ನೋಡಿಕೊಂಡೆ.