ಗಂಜಿನ ಓಣಿ, ಮುಂಜಾನೆ ಏಳೂವರಿ

ಗೋಳಗುಮ್ಮಟ ಇವತ್ತ ಇಲ್ರಿ.
ಅದನ್ನ ನೀವು ರೈಲಿನ್ಯಾಗಿಂದನ ನೋಡೀರಿ.
ಇವತ್ತ ನಾವು ನೀರಿನ ಹಿಂದ ಹೋಗೂಣು.
ನಾಕು ಕಿಲೋಮೀಟರ, ಎರಡು ತಾಸು, ನೂರೈವತ್ತು ರೂಪಾಯಿ.
ಚಾ ನಿಮ್ಮ ಖರ್ಚು.

ನಾನು ಮೌಲಾಬಿ ಅತ್ತಾರ. ನಮ್ಮಪ್ಪನೂ ಗೈಡ.
ಗುಮ್ಮಟದ ಮ್ಯಾಲಿನ ಸುತ್ತಿನ್ಯಾಗ
ಈ ಗ್ವಾಡಿಗೆ ನಿಂತ ಕಡ್ಡಿ ಗೀರಿ
ಆ ಗ್ವಾಡಿ ಮಂದಿನ್ನ ಬೆಚ್ಚಿ ಬೀಳಸಾಂವ.
ಗೊತ್ತಿಲ್ಲ ಅಂತ ಒಂದ ದಿನಾ ಅಂದಾಂವಲ್ಲ.
‘ಇದು ಯಾರ ಗೋರಿ?’ ಅಂತ ಯಾರರೆ ಕೇಳಿದ್ರ
ಅಲ್ಲೇ ನಿಂತ ನಿಲವಿನ್ಯಾಗ ಒಬ್ಬ ಬೇಗಂನ ಹುಟ್ಟಸಾಂವ,
ಮದಿವಿ ಮಾಡಾಂವ, ವಿಷಾ ಕುಡಿಸಿ ಮಲಗಸಾಂವ,
ಐದು ರೂಪಾಯಿ ಬಕ್ಷೀಸ ಇಸಕೊಂಡ
ಮುಂದಿನ ಗೋರಿಗೆ ನಡ್ಯಾಂವ.
ನಾನು ‘ಗೊತ್ತಿಲ್ರಿ’ ಅಂತೀನಿ, ದಿನಕ್ಕ ಹತ್ತ ಸಲ.
ಬಕ್ಷೀಸ ಕಡಿಮಿ.

ಇವತ್ತ ಏಳು ಮಂದಿ.
ಇಂಡಿಯಿಂದ ಒಬ್ಬ ರಿಟೈರ್ಡ ಓವರಸಿಯರ,
ಕೈಯಾಗ ಛತ್ರಿ. ಮಳಿ ಇಲ್ಲ.
ಸೋಲಾಪುರದ ಗಂಡ ಹೆಂಡ್ತಿ, ರಾತ್ರಿ ಜಗಳಾಡ್ಯಾರ,
ನಡು ಒಬ್ಬ ಆಳು ಹಿಡಿಯೂವಷ್ಟ ಜಾಗಾ ಬಿಟ್ಟ ನಡೀತಾರ.
ಕಾಲೇಜಿನ ಮೂರು ಹುಡುಗ್ಯಾರು, ಮಾರ್ಕ್ಸಿನ ಸಲುವಾಗಿ.
ಮತ್ತೊಬ್ಬ ಹುಡುಗ, ತಾಜ್ ಬಾವಡಿಂದ ಬೆನ್ನಹತ್ಯಾನ,
ಯಾರ ಪೈಕಿ ಅಂತ ಯಾರೂ ಕೇಳಿಲ್ಲ.

ತೊರವಿ ಕಡಿಂದ ನೀರು ನೆಲದಾಗ ಬರತಿತ್ತ್ರಿ.
ಮಣ್ಣಿನ ಕೊಳವಿ, ಸುತ್ತ ಗಚ್ಚು.
ಓಡಿ ಬಂದ ನೀರಿಗೆ ದಮ್ಮ ಹತ್ತತೈತಿ,
ಅದಕ್ಕ ಅಲ್ಲಲ್ಲೆ ಇಂಥಾವೊಂದು ಗಂಜ್.
ನೀರು ಮ್ಯಾಲ ಏರತಿತ್ತು, ರಾಡಿ ಕೆಳಗ ಬಿಡತಿತ್ತು,
ತಿಳಿ ಆಗಿ ಇಳದ ಮುಂದಿನ ಓಣಿಗೆ ಹೋಗತಿತ್ತು.
ಇಲ್ಲಿ ನಾನು ಪ್ರತಿ ಐತವಾರ ಒಂದು ಮಾತು ಅಂತೀನಿ:
‘ಮನಷ್ಯಾಗೂ ಇಂಥಾದೊಂದು—’

ನಳಾ ಬಂತೋ!

ಓಣಿ ತುಂಬ ಕೊಡಾ ಎದ್ದವು.
ಒಂಬತ್ತ ದಿನಕ್ಕೊಮ್ಮೆ, ನಲವತ್ತ ಮಿನಿಟು.
ಗಂಜಿನ ಬೆನ್ನಿಗೆ ಮನಿ ಹಚ್ಚಿದಾಕಿ ಬಂಗಾರೆವ್ವ,
ಅದರ ಕಲ್ಲಿಗೆ ಮೊಳಿ ಬಡದು ಹಗ್ಗಾ ಕಟ್ಟಿದಾಕಿ,
ಒಳಗಿಂದನ ಒದರಿದಳು:
‘ಏ ಮೌಲಾಬಿ, ನಿನ್ನ ಬಾದಶಾಗೋಳನ್ನ ಆ ಕಡೆ ಸರಸು,
ಪೈಪ ತುಳದೈತಿ ಆ ಛತ್ರಿ!’

ಓವರಸಿಯರ ಕಾಲು ಎತ್ತಿದರು.
ಬಗ್ಗಿ ನೋಡಿದರು. ಕುಂತರು.
‘ಇಲ್ಲೆ ಸೋರತೈತಲಾ’ ಅಂತ ಕರವಸ್ತ್ರ ಹರದ ಸುತ್ತಿದರು,
ಮುಂಜಾನಿಂದ ಬಿಗದಿದ್ದ ಅವರ ಮಾರಿ
ಆಗ ಒಂದೀಟು ಸಡ್ಲಾತು.
ಸೋಲಾಪುರದಾಂವ ತುಂಬಿ ಕೊಟ್ಟ, ಆಕಿ ಇಸಕೊಂಡಳು.
ಮಾತಿಲ್ಲ. ನಡುವ ಒಂದು ಕೊಡದಷ್ಟ ಜಾಗಾ.
ಹುಡುಗ್ಯಾರು ಫೋನು ಕಿಸೆದಾಗ ಇಟ್ಟರು.
ಮತ್ತ ಆ ಹುಡುಗ ಸೀದಾ ಬಂಗಾರೆವ್ವನ ಮನಿ ಹೊಕ್ಕ,
ಹಿತ್ತಾಳಿ ಹಂಡೆ ಉಳ್ಳಿಸಿಕೊಂಡ ಹೊರಗ ಬಂದ.
ಅದ ಮನಿ ಹುಡುಗಂತ್ರಿ ಅಂವ.
ತನ್ನ ಓಣಿ ನೋಡಾಕ ನಮ್ಮ ಜೋಡಿ ಸುತ್ತಿ ಬಂದಿದ್ದ.

ಅರ್ಧಾ ಮಾತು ಬಾಯಾಗ ಹಿಡಕೊಂಡ ನಾನೂ ಕೊಡಾ ಎತ್ತಿದೆ.

‘ಈ ಗಂಜ್ ಬತ್ತಿ ಎಷ್ಟ ವರ್ಷಾತಬೇ?’
ನೋಟಬುಕ್ಕಿನ ಹುಡುಗಿ ನನ್ನ ಬಿಟ್ಟ ಆಕಿನ್ನ ಕೇಳಿದಳು.
ಬಂಗಾರೆವ್ವ ಬಗ್ಗಿದ ಸೊಂಟಾ ಎತ್ತಲಿಲ್ಲ:
‘ಬತ್ತಿದ್ದು ಯಾರ ಹೇಳಿದರು ನಿನಗ?
ನಮ್ಮತ್ತಿ ಹಡಿಯೂ ರಾತ್ರಿ ಕಿವಿ ಹಚ್ಚಿ ಕೇಳಿದ್ದಳು,
ಗ್ವಾಡಿಯಾಗ ನೀರು ಏರೂದು.
ನಮ್ಮ ಮನಿಯವರು ಹುಟ್ಟಿದ ಮ್ಯಾಲ ಸುಮ್ಮನಾತಂತ.’
ಹುಡುಗಿ ನನ್ನ ಮಾರಿ ನೋಡಿದಳು, ಖರೇನೇನು ಅನ್ನೂಹಂಗ.
ಅಪ್ಪ ಇದ್ದಿದ್ರ ಅಕ್ಕಾರಿಗೆ ಕೈ ಮುಗೀತಿದ್ದ.
ನನಗೂ ಗೊತ್ತೈತಿ, ಆ ಕಲ್ಲಿನ ಹೊಟ್ಟ್ಯಾಗ
ಪಾರಿವಾಳದ ಹಿಕ್ಕಿ ಬಿಟ್ರ ಏನೂ ಇಲ್ಲ.
‘ಬರಕೋ’ ಅಂದೆ. ‘ಆಕಿ ಹೆಸರೂ ಬರಕೋ.’

ಪೈಪ ಕೆಮ್ಮಿತು, ಗಾಳಿ ಉಗುಳಿತು, ನಿಂತಿತು.
ಚಾ ಬಂಗಾರೆವ್ವಂದು. ಶುಂಠಿ ಜಾಸ್ತಿ ಆಗಿತ್ತು.
ಬಾರಾಕಮಾನ ನೋಡೂದು ಉಳೀತು, ತ್ವಾಸ್ಕೊಂಡ ಸೀರಿ ಒಣಗಲಿಲ್ಲ,
ರೊಕ್ಕಾ ವಾಪಸ ಯಾರೂ ಕೇಳಲಿಲ್ಲ.
ಉಳದದ್ದು ಮುಂದಿನ ಐತವಾರ, ಅಂತ ಅಂದೆ. ತಡದೆ.
ಬಟ್ಟ ಮಡಚಿ ಲೆಕ್ಕಾ ಹಾಕಿದೆ.
ಐತವಾರ ಬ್ಯಾಡ್ರಿ.
ಮಂಗಳವಾರ ಬರ್ರಿ.