ಹುಲ್ಲು ನೋಡುವವನು

ಅವರೆಲ್ಲ ನೆಲ ನೋಡುತ್ತಾರೆ.
ನನ್ನ ಕೆಲಸ ಹುಲ್ಲು ನೋಡುವುದು.

ಹನ್ನೊಂದು ಮಂದಿ ಸಾಲುಗಟ್ಟಿ
ಕಲಹರಿಯ ಮರಳ ಮೇಲೆ ಬಗ್ಗಿ ನಡೆಯುತ್ತಾರೆ,
ಮದುವೆಮನೆಯಲ್ಲಿ ಉಂಗುರ ಕಳಕೊಂಡವರ ಹಾಗೆ.
ನಾನು ಹಿಂದೆ, ಹೆಗಲಿಗೆ ಬಂದೂಕು.
ಸಿಂಹ ಬಂದರೆ ಮೊದಲು ನಾನು ಸಿಗಬೇಕು ಅದಕ್ಕೆ;
ನೇಮಕಾತಿ ಪತ್ರದಲ್ಲಿ ಇದನ್ನೇ
ಬೇರೆ ಮಾತಲ್ಲಿ ಬರೆದಿದ್ದಾರೆ.

ಬಿದ್ದದ್ದು ಶನಿವಾರ, ಕತ್ತಲಾದ ಮೇಲೆ.
ನನ್ನತ್ತೆ ಕೆದಿಬೋನ್ಯೆ ಮೇಕೆದೊಡ್ಡಿಯ ಬಾಗಿಲು ಕಟ್ಟುತ್ತಿದ್ದಳು.
ಬೆಳಕು ಬಂತು. ಮೇಕೆಗಳ ನೆರಳು
ಒಂದೇ ಉಸಿರಿಗೆ ದೊಡ್ಡಿಯ ಸುತ್ತ ಓಡಿತು,
ಮೇಕೆಗಳು ನಿಂತಲ್ಲೇ ನಿಂತಿದ್ದವು.
‘ಸರ್ಕಾರಿ ಜೀಪು ಅಂದುಕೊಂಡೆ,
ಕೊಳವೆಬಾವಿಯ ಲೈಸೆನ್ಸು ಕೇಳುವವರು.
ಅವರೇ ಅಷ್ಟು ದೊಡ್ಡ ದೀಪ ಹಾಕಿಕೊಂಡು ಬರುವುದು.’
ಸದ್ದು ಬಂದದ್ದು ಆಮೇಲೆ,
ಹಗ್ಗಕ್ಕೆ ಗಂಟು ಬಿಗಿದು, ಒಳಗೆ ಹೋಗಿ,
ಒಲೆಯ ಮೇಲಿನ ಪಾತ್ರೆಗೆ ಕೈ ಹಾಕಿದಾಗ.
ಮುಚ್ಚಳವೇ ಗುಡುಗಿತೆಂದು ಕೈಬಿಟ್ಟಳಂತೆ.
ಗಂಜಿಯ ಕಲೆ ಗೋಡೆಯ ಮೇಲೆ ಇನ್ನೂ ಇದೆ.

ಏಳು ಗಂಟೆ ಮೊದಲೇ ಒಬ್ಬಳಿಗೆ ಗೊತ್ತಿತ್ತು.
ಅರಿಜೋನಾದ ಬೆಟ್ಟ, ಅಲ್ಲಿ ಇನ್ನೂ ನಸುಕು ಮೂರು.
ಆಕಾಶದ ಒಂದೇ ತುಂಡಿನ ನಾಲ್ಕು ಚಿತ್ರ:
ಚುಕ್ಕಿಗಳೆಲ್ಲ ಇದ್ದಲ್ಲೇ ಇವೆ,
ಒಂದು ಮಾತ್ರ ಕಾಲು ಕಿತ್ತಿದೆ.
ಹೆಸರಿಡುವಷ್ಟೂ ಹೊತ್ತಿರಲಿಲ್ಲ. ನಂಬರು ಕೊಟ್ಟರು.
ನಮ್ಮ ಗಸ್ತಿನ ಟ್ರಕ್ಕಿನ ಅರ್ಧದಷ್ಟು ಬಂಡೆ,
ಸೂರ್ಯನ ಸುತ್ತ ಎಷ್ಟು ಸುತ್ತು ತಿರುಗಿತ್ತೋ ಏನೋ,
ಕೊನೆಗೆ ನಮ್ಮತ್ತೆಯ ಗಂಜಿ ಚೆಲ್ಲಿತು.

ಇದನ್ನೆಲ್ಲ ಹೇಳಿದವಳು ಐನಿಕ್ಕಿ, ಫಿನ್ಲೆಂಡಿನವಳು,
ಮೂಗಿನ ತುಂಬ ಬಿಳಿ ಮುಲಾಮು.
‘ಅಡ್ಡ ಹಾಯುವುದು ಬೇಗ ಕಣ್ಣಿಗೆ ಬೀಳುತ್ತದೆ.
ನೇರ ನಮ್ಮತ್ತಲೇ ಬರುವುದು
ಬಹಳ ಹೊತ್ತು ತೆಪ್ಪಗಿರುತ್ತದೆ, ನಕ್ಷತ್ರದ ಹಾಗೆ.’
ನಾನು ತಲೆಯಾಡಿಸಿದೆ.
ಇಷ್ಟು ಹೇಳಲು ಅಷ್ಟು ದೂರದಿಂದ ಬರಬೇಕಿರಲಿಲ್ಲ.
ಬಾಲ ಬೀಸುತ್ತ ಅಡ್ಡ ಹೋಗುವ ಸಿಂಹಿಣಿಗೆ
ನಾನು ಬಂದೂಕು ಇಳಿಸುವುದೂ ಇಲ್ಲ.
ಹುಲ್ಲ ನಡುವೆ ಎರಡು ಕಿವಿ
ಅಲುಗದೆ, ಅಲುಗದೆ,
ತುಸು ದೊಡ್ಡದಾಗುತ್ತಿದ್ದರೆ —

ಹೆಜ್ಜೆ ಹಿಡಿಯುವ ಕಾಶೆಗೆ ಮೊದಲ ದಿನವೇ ಸಿಟ್ಟು.
‘ಮುಳ್ಳುಹಂದಿ ಎತ್ತ ಹೋಯಿತು, ಎಷ್ಟು ಹೊತ್ತಾಯಿತು,
ಕುಂಟುತ್ತಿತ್ತೇ, ಬಸಿರೇ, ಎಲ್ಲ ಹೇಳುತ್ತೇನೆ.
ಇದು ಇಟ್ಟಿದ್ದೇ ಒಂದು ಹೆಜ್ಜೆ,
ಅದರ ಮೇಲೇ ಕೂತುಬಿಟ್ಟಿದೆ.
ಹಿಂದಿನ ಹೆಜ್ಜೆ ಎಲ್ಲಿ?’
ಐನಿಕ್ಕಿ ಮೇಲೆ ಬೆರಳು ಮಾಡಿದಳು.
ಅವನು ಬಹಳ ಹೊತ್ತು ಮೇಲೆ ನೋಡಿದ,
ಮರ್ಯಾದೆಗೆ.

ನಾಲ್ಕು ದಿನ ಸಿಕ್ಕಿದ್ದು:
ಸುಟ್ಟ ಬೇರು, ಆಮೆಯ ಚಿಪ್ಪು, ಹಿಕ್ಕೆ,
ಕರಿ ಹಿಕ್ಕೆ, ಒಣಗಿ ಹೊಳೆಯುವ ಹಿಕ್ಕೆ.
ಜಿರಾಫೆಯ ಹಿಕ್ಕೆಗೆ ಐನಿಕ್ಕಿ ಮಂಡಿಯೂರಿದಾಗ
ಯಾರೂ ನಗಲಿಲ್ಲ.
ನಗಲು ಬಾಯಲ್ಲಿ ಪಸೆ ಬೇಕಲ್ಲ.

ಐದನೆಯ ದಿನ, ಬಿಸಿಲು ಇಳಿಯುವಾಗ,
ಕಾಶೆ ನಿಂತ.
‘ಇದು ಇಲ್ಲಿಯದಲ್ಲ’ ಅಂದ.
ಬೋರೆಹಣ್ಣಿನಷ್ಟು ಕಪ್ಪು.
‘ಮುಟ್ಟಬೇಡಿ, ಮುಟ್ಟಬೇಡಿ’ ಎಂದು ಕೂಗುತ್ತ ಬಂದವಳು
ರೊಟ್ಟಿ ಸುತ್ತುವ ಬೆಳ್ಳಿಹಾಳೆ ಹಿಡಿದು
ಕೂತುಬಿಟ್ಟಳು ಮರಳಲ್ಲಿ, ಅಳುತ್ತ.
‘ಭೂಮಿಗಿಂತ ಹಳೆಯದು ಇದು.’
‘ಐದು ದಿನದ್ದು’ ಎಂದು ಕಾಶೆ ತಿದ್ದಿದ.
‘ನೋಡು, ಇರುವೆಗಳು
ಸುತ್ತು ಹಾಕಿ ಹೋಗಲು ಈಗಷ್ಟೇ ಕಲಿತಿವೆ.’

ಹನ್ನೊಂದು ತಲೆ ಒಂದು ಕಡೆ ಸೇರಿದವು.
ಹನ್ನೊಂದು ಬೆನ್ನು ಹುಲ್ಲಿಗೆ.
‘ಬಾ, ನೀನೂ ನೋಡು’ ಅಂದರು, ಎರಡು ಸಲ.
ನನಗೂ ಆಸೆಯಿತ್ತು.

ಗಾಳಿ ಬಂತು, ಹುಲ್ಲೆಲ್ಲ ಬಾಗಿತು.
ಒಂದು ಕಡೆ ಬಾಗಲಿಲ್ಲ.
ಮರದ ಕೊರಡಿರಬೇಕು.
ಇನ್ನೊಮ್ಮೆ ಗಾಳಿ ಬರಲೆಂದು
ಕಾಯುತ್ತಿದ್ದೇನೆ.