ಸುಣ್ಣ

ಶಿವಾಜಿನಗರದ ಇಲಿಯಾಸ್ ಹೇಳಿಕೊಟ್ಟಿದ್ದು ಇಷ್ಟೇ:
ಹುಳದ ಉದ್ದ ಮೇಡಂ, ಹಲ್ಲಿಯ ಎರಡು ಕಣ್ಣಿನ ನಡುವಿನಷ್ಟಿರಲಿ.
ಪುಡಿ ತಪ್ಪಿದರೆ ಕಾಲು ಸೊಟ್ಟ, ದವಡೆ ಮೆತ್ತಗೆ.
ಹಸಿದ ಹುಳ ಮಾತ್ರ ಹಾಕಬೇಡಿ,
ಅದನ್ನು ತಿಂದರೆ ಹಸಿವನ್ನೇ ತಿಂದಂತೆ.

ಹಾಗಾಗಿ ಹಿಂದಿನ ದಿನವೇ ಕ್ಯಾರೆಟ್ ತುರಿಯುತ್ತೇನೆ
ಮೊಟ್ಟೆ ಟ್ರೇಯ ಗುಳಿಗಳಲ್ಲಿ ಕೂತ ಜೀರುಂಡೆಗಳಿಗೆ.
ಒಂದೆರಡು ಎಸಳು ನುಗ್ಗೆಸೊಪ್ಪು. ಉಳಿದದ್ದು ನಮ್ಮ ಸಾರಿಗೆ.
ಅವು ತಿನ್ನುವ ಸದ್ದು ಕೇಳಿದ್ದೀರಾ?
ಪಕ್ಕದ ಕೋಣೆಯಲ್ಲಿ ಯಾರೋ
ತೆಳು ಕಾಗದ ಮಡಚುತ್ತಿರುವ ಹಾಗೆ.
ಬೀಗರಂತೆ ಉಪಚರಿಸುತ್ತೇನೆ.
ನಾಳೆಯ ಮಾತು ಎತ್ತುವುದಿಲ್ಲ.

ರಾತ್ರಿ ಎಂಟೂವರೆ.
ಹಳೇ ಹಾರ್ಲಿಕ್ಸ್ ಡಬ್ಬಿಯಲ್ಲಿ ಐದು ಹುಳ, ಚಿಟಿಕೆ ಬಿಳಿ ಪುಡಿ,
ಮುಚ್ಚಳ ಹಾಕಿ ಮೆಲ್ಲಗೆ ಅಲ್ಲಾಡಿಸಿದರೆ
ಮೈತುಂಬ ವಿಭೂತಿ ಬಳಿದ ಐವರು ಸನ್ಯಾಸಿಗಳು,
ಮೀಸೆ ಮಾತ್ರ ಕಪ್ಪು.

ಚಿತ್ರಾನ್ನ ಬಾಲದ ತುದಿ ನಡುಗಿಸುತ್ತದೆ.
ಮಗಳಿಟ್ಟ ಹೆಸರು. ಹಳದಿ ಮೈಮೇಲೆಲ್ಲ ಸಾಸಿವೆ ಸಿಡಿದಿದೆ.
ಕತ್ತು ಓರೆ.
ಚಟ್.
ಆಮೇಲೆ ನಿಧಾನಕ್ಕೆ ರೆಪ್ಪೆ ಮುಚ್ಚಿ ತುಟಿ ನೆಕ್ಕಿಕೊಳ್ಳುತ್ತದೆ.
ಮೊದಲ ತಿಂಗಳು ಮುಖ ತಿರುಗಿಸಿ ನಿಲ್ಲುತ್ತಿದ್ದೆ.
ಈಗ ಎಣಿಸುತ್ತೇನೆ.

ಹಗಲು ನನ್ನ ಕೆಲಸವೂ ಸುಣ್ಣದ್ದೇ.
ರಾಜಾಜಿನಗರ, ಸ್ಕ್ಯಾನಿಂಗ್ ಸೆಂಟರ್, ಎರಡನೇ ಮಹಡಿ,
ಹೆಂಗಸರ ಸೊಂಟದ ಮೂಳೆ ಅಳೆಯುವುದು.
ಬಳೆ ತೆಗೀರಿ, ಅಲ್ಲಾಡಬೇಡಿ, ಉಸಿರಾಡ್ತಾ ಇರಿ.
ಇವತ್ತು ಗಿರಿಜಾಂಬ, ಐವತ್ತೆಂಟು, ಮೈನಸ್ ಎರಡೂವರೆ.
ಹಾಲು ಕುಡೀತೀರಾ ಅಂದೆ.
ಎಲ್ಲರಿಗೂ ಕಾಸಿಕೊಟ್ಟು ಪಾತ್ರೆ ತೊಳೀತೀನಿ ಅಂದರು, ನಗುತ್ತಾ.
ರಿಪೋರ್ಟಿನಲ್ಲಿ ನಗುವಿಗೆ ಕಾಲಂ ಇಲ್ಲ.
ಆ ಮಂಚದ ಮೇಲೆ ನಾನಿನ್ನೂ ಮಲಗಿಲ್ಲ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ,
ಆ ಗಾದೆ ಕಟ್ಟಿದವರು ಮೂಳೆ ನೋಡಿದವರಲ್ಲ.

ಹೋದ ವಾರ ಒಂದು ತಪ್ಪಿಸಿಕೊಂಡಿತು.
ಸಿಲಿಂಡರಿನ ಹಿಂದೆ ಕೂತು ಬೆಳಗಿನವರೆಗೂ ಒಂದೇ ರಾಗ.
ಗಂಡ ಎದ್ದು ಕತ್ತಲಲ್ಲೇ ಚಪ್ಪಲಿ ಹುಡುಕಿದ.
ಕೆಳಗಿನ ಮನೆ ಪಂಕಜಮ್ಮ, ನಿಮ್ಮ ಫ್ರಿಜ್ ಕೆಟ್ಟಿದೆಯೇನ್ರೀ ಅಂದರು.
ಮೂರನೇ ರಾತ್ರಿ ಸದ್ದಿಲ್ಲ.

ಟ್ಯೂಬ್‌ಲೈಟಿನ ಹಿಂದಿನಿಂದ ನಮ್ಮ ಗೋಡೆಯ ಹಲ್ಲಿ ಇಣುಕಿತು.
ದುಡ್ಡು ಕೊಟ್ಟು ತಂದದ್ದಲ್ಲ, ಹೆಸರಿಟ್ಟಿಲ್ಲ,
ಪಂಚಾಂಗದಲ್ಲಿ ಮಾತ್ರ ಅದಕ್ಕೊಂದು ಪುಟ,
ಯಾರ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಅಂತ.
ಅದೇನು ತಿಂದಿತು ಅಂತ ಯಾರೂ ಬರೆದಿಡಲಿಲ್ಲ.
ಬಾಯಂಚಿನಲ್ಲಿ ಒಂದು ಕಪ್ಪು ಮೀಸೆ.
ಹೊಟ್ಟೆಯ ತೆಳು ಚರ್ಮದೊಳಗೆ ಎರಡು ಮೊಟ್ಟೆ,
ಆ ಬೆಳಕಿಗೆ,
ನನ್ನ ಮಶೀನಿಗಿಂತ ಸ್ಪಷ್ಟ.
ಲೊಚ್ ಲೊಚ್ ಅಂದಿತು. ಯಾರಿಗೆ ಹೇಳಿತೋ.

ಇವತ್ತು ಆರು ಹುಳ ಪುಡಿಯಲ್ಲಿ ಹೊರಳಿಸಿದೆ.
ಐದು ಮುಗಿದ ಮೇಲೆ ಮಗಳು ಡಬ್ಬಿ ಬಗ್ಗಿ ನೋಡಿ
ಅಮ್ಮಾ, ಇನ್ನೊಂದು ಇದೆ ಅಂದಳು.
ಇರಲಿ ಅಂದೆ.
ಅಡುಗೆಮನೆ ಕಿಟಕಿಯ ಕಟ್ಟೆ ಮೇಲೆ ಇಟ್ಟೆ.
ಮುಚ್ಚಳ ಎಲ್ಲಿ ಹೋಯಿತೋ, ಹುಡುಕಲಿಲ್ಲ.